ಕಿರುಬೇಲೆಯ ಹುಟ್ಟುಗುಡ್ಡ

ಕಿರುಬೇಲೆ ಊರಿನ ದಕ್ಷಿಣಕ್ಕೆ, ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಬಯಲಿನಲ್ಲಿ, ಉಪ್ಪಿನ ಪಾತಿಗಳು ಒಂದಕ್ಕೊಂದು ತಾಗಿಕೊಂಡು ಹರಡಿವೆ. ಅವುಗಳ ನಡುವೆ, ತೆಂಗಿನ ಮರದಷ್ಟೂ ಎತ್ತರವಿಲ್ಲದ ಒಂದು ಕೆಂಪು ಚಿರೆಕಲ್ಲಿನ ದಿಬ್ಬವಿದೆ. ಅದಕ್ಕೆ ಹೋಗಲು ಒಂದೇ ದಾರಿ. ಉಪ್ಪುನೀರನ್ನು ತಡೆಯಲು ಹಾಕಿದ ಮಣ್ಣಿನ ಕಟ್ಟೆಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ದಿಬ್ಬದ ನೆತ್ತಿಯಲ್ಲಿ ಒಂದು ಹಳೆಯ ಹೊನ್ನೆ ಮರ, ಅದರ ಬುಡದಲ್ಲಿ ಕಲ್ಲು ಜೋಡಿಸಿದ ಜಗಲಿ. ಜಗಲಿಯ ಮೇಲೆ ದೇವರ ಮೂರ್ತಿಯಿಲ್ಲ, ಲಿಂಗವಿಲ್ಲ, ನಾಗನ ಕಲ್ಲೂ ಇಲ್ಲ. ಆಳೆತ್ತರದ ಒಂದು ಮರದ ಕಂಬವನ್ನು ನೆಟ್ಟಿದ್ದಾರೆ. ಅದರ ಮೇಲಿನ ತುದಿ ಅಂಗೈಯಂತೆ ಅಗಲವಾಗಿದೆ. ಊರಿನವರು ಇದನ್ನು ಹುಟ್ಟುಗುಡ್ಡ ಎನ್ನುತ್ತಾರೆ. ಅಳತೆಗೆ ಬಂದ ಯಾರೋ ಒಬ್ಬ ಗುಮಾಸ್ತ ಹೆಸರನ್ನು ತಿದ್ದುವ ಉತ್ಸಾಹದಿಂದ ಕಾಗದದಲ್ಲಿ ‘ಜನ್ಮಗಿರಿ’ ಎಂದು ಬರೆದುಬಿಟ್ಟಿದ್ದಾನೆ. ಆ ಹೆಸರನ್ನು ಈವರೆಗೆ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ನಾನು ಇಲ್ಲಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವನು. ಬಂದ ಮೊದಲ ವರ್ಷವೇ ಊರಿನ ನಕ್ಷೆ ಬರೆಸುವಾಗ ಒಬ್ಬ ಹುಡುಗಿ ಎದ್ದುನಿಂತು, “ಮಾಸ್ತರೇ, ಹುಟ್ಟು ಅಂದ್ರೆ ದೋಣಿಯ ಹುಟ್ಟೋ, ಮಗು ಹುಟ್ಟುವ ಹುಟ್ಟೋ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಸಂಜೆ ಆಗೇರರ ಕೇರಿಗೆ ಹೋಗಿ ತುಳಸಜ್ಜಿಯನ್ನು ವಿಚಾರಿಸಿದೆ. ಆಗೇರರೆಂದರೆ ಇಲ್ಲಿ ತಲೆತಲಾಂತರದಿಂದ ಉಪ್ಪು ತೆಗೆಯುತ್ತ ಬಂದ ಜನ. ಅಜ್ಜಿ ಬುಟ್ಟಿ ಹೆಣೆಯುವುದನ್ನು ನಿಲ್ಲಿಸದೆ, “ಎರಡೂ ಹೌದು ಮಾಸ್ತರೇ. ಒಂದಿಲ್ಲದಿದ್ರೆ ಇನ್ನೊಂದು ಇರ್ತಿರಲಿಲ್ಲ” ಎಂದಳು. ಅಂದು ಅವಳು ಹೇಳಿದ್ದನ್ನೂ, ಮುಂದೆ ಘಟ್ಟದ ಮೇಲಿನ ಕಾಡೂರಿನ ಬಾಸ್ತ್ಯಾಂವ ಸಿದ್ದಿ ಎಂಬ ಹಿರಿಯರು ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಎರಡು ಕಡೆಯ ಮಾತು ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಹಾಗೆಂದು ಹೇಳುತ್ತೇನೆ.

ಹಿಂದೆ ಒಮ್ಮೆ, ಗೋವೆಯಲ್ಲಿ ಪರಂಗಿಗಳ ಆಳ್ವಿಕೆ ಬಲವಾಗಿ ಬೇರೂರಿದ್ದ ಕಾಲ. ಇಂಥ ವರ್ಷವೆಂದು ಯಾರೂ ಹೇಳಲಾರರು. ಆಫ್ರಿಕಾದ ಮೂಡಣ ಕರಾವಳಿಯಲ್ಲಿ ಜನರನ್ನು ಹಿಡಿದು, ಹಡಗಿನ ತಳದಲ್ಲಿ ತುಂಬಿ ತಂದು, ಗೋವೆಯ ಪೇಟೆಯಲ್ಲಿ ಎತ್ತು ಎಮ್ಮೆಗಳಂತೆ ಹಲ್ಲು ನೋಡಿ ಮಾರುತ್ತಿದ್ದರು. ಅದೇ ಆಫ್ರಿಕಾದ ಇನ್ನೊಂದು ಮಗ್ಗುಲಿನಿಂದ ಎಷ್ಟೋ ಲಕ್ಷ ಜನರನ್ನು ಪಡುವಣ ಸಾಗರ ದಾಟಿಸಿ ಅಮೆರಿಕದ ಹೊಗೆಸೊಪ್ಪಿನ, ಕಬ್ಬಿನ, ಭತ್ತದ ಹೊಲಗಳಿಗೆ ಒಯ್ದರೆಂದು ನಾವು ಇತಿಹಾಸದಲ್ಲಿ ಓದುತ್ತೇವೆ. ಅಲ್ಲಿ ಅವರು ಸುಮ್ಮನೆ ಕುಳಿತವರಲ್ಲ. ಗುದ್ದಲಿಯೋ ಕತ್ತಿಯೋ, ಕೈಗೆ ಸಿಕ್ಕಿದ್ದನ್ನು ಹಿಡಿದು ಮತ್ತೆಮತ್ತೆ ದಂಗೆಯೆದ್ದರು. ಹೆಚ್ಚಿನವರು ನೇಣಿಗೆ ಹೋದರು, ಕೆಲವರು ಜೌಗುಕಾಡು ಸೇರಿ ಬದುಕಿಕೊಂಡರು. ಆ ದಂಗೆಗಳ ಕಥೆ ಪುಸ್ತಕಗಳಲ್ಲಿದೆ. ಅದೇ ಸಂಕಟ ಉಂಡ ಅವರ ಬಂಧುಗಳು ನಮ್ಮ ಹೊಳೆಯ ಬಾಯಲ್ಲಿ ಎದ್ದುನಿಂತ ಕಥೆ ಮಾತ್ರ ಈ ದಿಬ್ಬದ ಹೆಸರಿನಲ್ಲಷ್ಟೇ ಉಳಿದಿದೆ.

ಲೊರೇಂಸು ಎಂಬ ಒಬ್ಬ ಕಪ್ತಾನನಿದ್ದನಂತೆ. ಗೋವೆಯ ಯಾವನೋ ಸಾಹುಕಾರನ ಮಚವೆಯನ್ನು, ಅಂದರೆ ಹಾಯಿ ಹುಟ್ಟುಗಳೆರಡೂ ಇರುವ ದೊಡ್ಡ ದೋಣಿಯನ್ನು, ಅವನು ಪ್ರತಿ ವರ್ಷ ಚಳಿಗಾಲ ಕಳೆದ ಮೇಲೆ ಈ ಕರಾವಳಿಗೆ ತರುತ್ತಿದ್ದ. ಅಕ್ಕಿ ಮೆಣಸು ತುಂಬಿಕೊಂಡು ಹೋಗುತ್ತಿದ್ದ. ಗಾಳಿಯಿಲ್ಲದಾಗ ಹುಟ್ಟು ಹಾಕಲು ಗುಲಾಮರಿದ್ದರು. ಆಗೇರರು ಹದಿನಾಲ್ಕು ಜನ ಎನ್ನುತ್ತಾರೆ. ಆ ಗುಲಾಮರ ವಂಶದವರೇ ಆದ ಸಿದ್ದಿಗಳು ಹನ್ನೊಂದು ಎನ್ನುತ್ತಾರೆ, ಹನ್ನೊಂದು ಹೆಸರನ್ನೂ ಹಾಡಿನಲ್ಲಿ ಹೇಳುತ್ತಾರೆ. ಆದ್ದರಿಂದ ನಾನು ಹನ್ನೊಂದನ್ನೇ ನಂಬುತ್ತೇನೆ. ಅವರ ಒಂದೊಂದು ಕಾಲಿಗೆ ಬೇಡಿ ಹಾಕಿ, ಕೂರುವ ಹಲಗೆಗೆ ಸರಪಳಿಯಿಂದ ಬಿಗಿದಿರುತ್ತಿತ್ತು. ಅವರಲ್ಲಿ ಹಿರಿಯ ಜುಂಬೆ. ಪರಂಗಿಗಳು ಅವನಿಗೆ ಪೆದ್ರು ಎಂದು ಹೆಸರಿಟ್ಟಿದ್ದರು. ತನ್ನವರ ನಡುವೆ ಅವನು ಜುಂಬೆಯಾಗಿಯೇ ಉಳಿದಿದ್ದ. ಇವರೆಲ್ಲರಿಗೂ ಗಂಜಿ ಬೇಯಿಸಲು ಮಸೀಕ ಎಂಬ ಹೆಂಗಸಿದ್ದಳು. ಅವರ ನುಡಿಯಲ್ಲಿ ಮಳೆಗಾಲದಲ್ಲಿ ಹುಟ್ಟಿದವಳಿಗೆ ಇಡುವ ಹೆಸರು ಅದು. ಅವಳ ಗಂಡನನ್ನು ಹಿಂದಿನ ಮಳೆಗಾಲ ಮುಗಿಯುತ್ತಲೇ ದಮನ್ನಿನಲ್ಲಿ ಇಳಿಸಿ ಮಾರಿದ್ದರು. ಅವಳೀಗ ದಿನ ತುಂಬಿದ ಬಸುರಿ.

ಸುಗ್ಗಿ ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಮಚವೆ ಹೊಳೆಯ ಬಾಯಿಗೆ ಬಂತು. ದಾರಿ ತೋರುವ ಅಂಬಿಗನನ್ನು ಕರೆಯದೆ ಕಪ್ತಾನ ತಾನೇ ಒಳನುಗ್ಗಿಸಿದ. ನೀರು ಇಳಿಯುವ ಹೊತ್ತು. ಮಚವೆ ಕೆಸರಿಗೆ ಕಚ್ಚಿಕೊಂಡು ಒಂದು ಕಡೆಗೆ ವಾಲಿ ನಿಂತಿತು. ಅದನ್ನು ತಳ್ಳಲು ಆಳು ಬೇಕು. ಗುಲಾಮರ ಸರಪಳಿ ಬಿಚ್ಚದೆ ಗತಿಯಿರಲಿಲ್ಲ. ಕಾವಲಿನವರು ನಾಲ್ವರು, ಕೋವಿ ಎರಡು. ಎಲ್ಲರ ಬೇಡಿ ಬಿಚ್ಚಿ ಮುಗಿಯುವ ಹೊತ್ತಿಗೆ ಕಪ್ತಾನ ತನ್ನ ಜೊತೆಗಾರನೊಡನೆ ಕೊಂಕಣಿಯಲ್ಲಿ ಆಡಿದ ಮಾತು ಜುಂಬೆಯ ಕಿವಿಗೆ ಬಿತ್ತು. ಹೊನ್ನಾವರದಲ್ಲಿ ಒಬ್ಬ ವರ್ತಕನಿಗೆ ಮಾತು ಕೊಟ್ಟಾಗಿದೆ, ಹೆತ್ತ ಹತ್ತನೆಯ ದಿನಕ್ಕೆ ಕೂಸು ಅವನದು, ತಾಯಿಯನ್ನು ಗೋವೆಗೆ ಒಯ್ದು ಬೇರೆ ಮಾರುವುದು ಎಂದು ಅವನು ಹೇಳುತ್ತಿದ್ದ. ಕೆಸರಿನಲ್ಲಿ ಕತ್ತೆ ಜಾರಿತೆಂದು ಹೇಳುವಷ್ಟೇ ಹಗುರವಾಗಿ ಹೇಳಿದನಂತೆ.

ಜುಂಬೆ ತಿರುಗಿ ಮಸೀಕಳನ್ನು ನೋಡಿದ. ಅವಳಿಗೂ ಕೇಳಿಸಿತ್ತು. ಗಂಜಿಯ ಮಡಕೆಯನ್ನು ಕೆಳಗಿಟ್ಟು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಜುಂಬೆ ತನ್ನ ಹುಟ್ಟನ್ನು ಕೊಕ್ಕೆಯಿಂದ ಎತ್ತಿ ಪಕ್ಕದಲ್ಲಿದ್ದ ಕೋವಿಯವನ ಕೈಗೆ ಬೀಸಿದ. ಕೋವಿ ನೀರಿಗೆ ಬಿತ್ತು. ಮಿಕ್ಕ ಹತ್ತು ಹುಟ್ಟುಗಳೂ ಮೇಲೆದ್ದವು. ಕಾವಲಿನವನೊಬ್ಬ ತಲೆ ಒಡೆದು ಬಿದ್ದು ಸತ್ತ. ಸಿದ್ದಿಗಳ ಹಾಡಿನಲ್ಲಿ ಈ ಸಾವಿನ ಬಗ್ಗೆ ಹೆಮ್ಮೆಯ ಮಾತಿಲ್ಲ; ‘ಅವನ ತಾಯಿಯೂ ಎಲ್ಲೋ ಕಾದಿದ್ದಳು’ ಎಂದು ಒಂದು ಸಾಲಿದೆ. ಉಳಿದ ಕಾವಲಿನವರು ಮಚವೆಯ ಒಳಗೆ ಓಡಿ ಅಡಗಿಕೊಂಡರು. ಗುಲಾಮರು ಕಪ್ತಾನನನ್ನು ಹಾಯಿಕಂಬಕ್ಕೆ ಕಟ್ಟಿದರು. ಅವನು ಗಂಟಲು ಹರಿಯುವಂತೆ ಕೂಗಿದ: “ನನ್ನ ಉಪ್ಪು ತಿಂದು ನನಗೇ ಎರಡು ಬಗೆಯುತ್ತೀರಾ, ದ್ರೋಹಿಗಳೇ!” ಇಬ್ಬರು ಮಸೀಕಳನ್ನು ಎತ್ತಿ ಕೆಳಗಿಳಿಸಿದರು.

ಇಳಿದ ಮೇಲೆಯೇ ಅವರಿಗೆ ತಿಳಿದದ್ದು, ಕೆಳಗೆ ನೆಲವಿಲ್ಲವೆಂದು. ಆ ಕೆಸರು ಇಂದಿಗೂ ಹಾಗೆಯೇ ಇದೆ. ನೋಡಲು ಹದವಾದ ಅಂಗಳದಂತೆ ಕಾಣುತ್ತದೆ, ಕಾಲಿಟ್ಟರೆ ತೊಡೆಯವರೆಗೆ ನುಂಗುತ್ತದೆ. ಅವರು ಸಿಕ್ಕಿಕೊಂಡು ಒದ್ದಾಡುತ್ತಿರುವಾಗ ಉಪ್ಪಿನ ಪಾತಿಯ ಕಡೆಯಿಂದ ಒಬ್ಬ ಹೆಂಗಸಿನ ದನಿ ಕೇಳಿಸಿತು. ಅವಳೇ ಗಿಡ್ಡಿ. ಐವತ್ತರ ಆಸುಪಾಸಿನ ವಿಧವೆ, ಆಗೇರರ ಕೇರಿಯ ಸೂಲಗಿತ್ತಿ. ಬೆಳಗಿನಿಂದ ಉಪ್ಪು ಗೋರುತ್ತಿದ್ದವಳು ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದಳು. ಉಪ್ಪಿನ ವ್ಯಾಪಾರದಿಂದ ಅವಳಿಗೆ ಕೊಂಕಣಿ ಬರುತ್ತಿತ್ತು.

“ನಡೀಬೇಡಿ! ಹುಟ್ಟು ಅಡ್ಡ ಹಾಕಿ, ಅದರ ಮೇಲೆ ಬನ್ನಿ!” ಎಂದು ಅವಳು ಕೂಗಿದಳು.

ಅವರು ಹಾಗೆಯೇ ಮಾಡಿದರು. ಹನ್ನೊಂದು ಹುಟ್ಟುಗಳನ್ನು ಕೆಸರಿನ ಮೇಲೆ ಸಾಲಾಗಿ ಹಾಸಿ, ಮೊದಲು ಮಸೀಕಳನ್ನು ಅದರ ಮೇಲೆ ನಡೆಸಿದರು. ಎಲ್ಲರ ಕೊನೆಗೆ ಬಂದವನು ಡುಮಿಂಗ. ಹಿಂದೆ ಉಳಿದ ಹುಟ್ಟುಗಳನ್ನು ಕಿತ್ತು ಮುಂದಿನವರಿಗೆ ಕೊಡುವುದು ಅವನ ಕೆಲಸವಾಗಿತ್ತು. ಅಷ್ಟರಲ್ಲಿ ಕಾವಲಿನವರಲ್ಲಿ ಒಬ್ಬ ಉಳಿದ ಕೋವಿಯನ್ನು ಹುಡುಕಿ ತೆಗೆದ. ಗುಂಡು ಡುಮಿಂಗನ ಬೆನ್ನಿಗೆ ಬಿತ್ತು. ಬೀಳುವ ಮೊದಲು ಅವನು ಕೈಯಲ್ಲಿದ್ದ ಹುಟ್ಟನ್ನು ಮುಂದಕ್ಕೆ ತಳ್ಳಿದ್ದ. ಅವನನ್ನು ಎಳೆದುಕೊಳ್ಳಲು ಹೋದವರಿಗೆ ಕೈ ಬೀಸಿ ಹೋಗಿರೆಂದನಂತೆ. ಕೆಸರು ಅವನನ್ನು ಬಿಟ್ಟುಕೊಡಲಿಲ್ಲ.

ಗಿಡ್ಡಿ ಉಳಿದ ಹತ್ತು ಮಂದಿಯನ್ನೂ ಮಸೀಕಳನ್ನೂ ಕಟ್ಟೆಯ ಮೇಲಿಂದ ಈ ದಿಬ್ಬಕ್ಕೆ ಕರೆತಂದಳು. ದಾರಿಯಲ್ಲೇ ಮಸೀಕಳಿಗೆ ನೋವು ಶುರುವಾಗಿತ್ತು. ಗಿಡ್ಡಿ ಅವಳ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡವಾಗಿದೆ, ಈಗ ಇವಳನ್ನು ಎಲ್ಲಿಗೂ ಒಯ್ಯುವ ಹಾಗಿಲ್ಲ ಎಂದಳು. ಮೂಡಣ ದಿಕ್ಕಿಗೆ ಘಟ್ಟದ ಕಾಡು ಕಾಣುತ್ತಿತ್ತು. ಗಂಡಸರು ನಡೆದರೆ ಬೆಳಗಿನೊಳಗೆ ಅಲ್ಲಿ ಸೇರಬಹುದು. ಸೇರಿದರೆ ಯಾವ ಪರಂಗಿಯೂ ಅವರನ್ನು ಮುಟ್ಟಲಾರ. ಜುಂಬೆ ತನ್ನವರಿಗೆ ಹೇಳಿದ: “ನೀವು ಹೋಗಿ. ನಾನು ಇವಳ ಹತ್ತಿರ ಇರುತ್ತೇನೆ.” ಒಬ್ಬನೂ ಏಳಲಿಲ್ಲ. ಡುಮಿಂಗ ನಮ್ಮನ್ನು ದಾಟಿಸಿದ್ದು ಇವಳನ್ನು ಬಿಟ್ಟು ಓಡಲಿಕ್ಕಲ್ಲ ಎಂದು ಒಬ್ಬ ಹೇಳಿದ. ಗಿಡ್ಡಿ ಕೇರಿಯಿಂದ ಗಂಜಿ ತರಿಸಿದಳು. ಬಾಳೆಲೆಯ ತುದಿಯಲ್ಲಿ ಅಂದೇ ಗೋರಿದ ಉಪ್ಪು ಇತ್ತು. ಜುಂಬೆ ಅದರಲ್ಲಿ ಒಂದು ಹರಳನ್ನು ನಾಲಗೆಯ ಮೇಲಿಟ್ಟು ಕರಗಿಸಿಕೊಂಡ. ಆಮೇಲೆ, “ಅಮ್ಮಾ, ಇದು ಉಪ್ಪು. ಇದರ ಋಣ ನಮ್ಮ ಮೇಲಿದೆ” ಎಂದನಂತೆ.

ಮಸೀಕಳ ನೋವು ಮರುದಿನ ಸೂರ್ಯ ಮೇಲೆ ಬಂದರೂ ತೀರಲಿಲ್ಲ. ಅವಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಗುಡ್ಡದ ಮೇಲೆ ಆಗ ಮರವಿರಲಿಲ್ಲ. ಜುಂಬೆ ತನ್ನ ಹುಟ್ಟನ್ನು ಚಿರೆಕಲ್ಲಿನ ಬಿರುಕಿನಲ್ಲಿ ನೆಟ್ಟು, ಸುತ್ತ ಕಲ್ಲು ಬಡಿದು ಗಟ್ಟಿ ಮಾಡಿದ. ಅವಳು ಅದನ್ನೇ ತಬ್ಬಿ ಮಂಡಿಯೂರಿದಳು. ಅದೇ ಹೊತ್ತಿಗೆ ಊರಿನ ಕಡೆಯಿಂದ ಡೋಲಿನ ಸದ್ದು ಬಂತು. ಕಟ್ಟು ಬಿಡಿಸಿಕೊಂಡ ಲೊರೇಂಸು ಹೊಳೆಬಾಯಿಯ ಠಾಣೆಗೆ ಹೋಗಿ, ಠಾಣೆದಾರನಿಗೆ ಬೇಕಾದ ಉಡುಗೊರೆ ಒಪ್ಪಿಸಿ, ಇಪ್ಪತ್ತು ಜನ ಕೋವಿಯವರನ್ನು ಕರೆತಂದಿದ್ದ. ಅವರಿಗೂ ದಿಬ್ಬಕ್ಕೂ ನಡುವೆ ಇದ್ದದ್ದು ಆ ಕಟ್ಟೆ ಮಾತ್ರ.

ಗಿಡ್ಡಿಗೆ ಒಬ್ಬ ತಮ್ಮನಿದ್ದ, ಬೊಮ್ಮ. ಕಟ್ಟೆಯ ತೂಬು ಕಾಯುವವನು ಅವನೇ. ತೂಬಿನ ಹಲಗೆ ಎತ್ತಿದರೆ ಉಬ್ಬರದ ನೀರು ಒಳಗೆ ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ. ಅಂದು ಹುಣ್ಣಿಮೆ, ಮಧ್ಯಾಹ್ನಕ್ಕೆ ವರ್ಷದಲ್ಲೇ ದೊಡ್ಡ ಉಬ್ಬರ. ನೀರು ಆಗಲೇ ಕಟ್ಟೆಯ ಹೊರಮೈಯಲ್ಲಿ ಎದೆಯೆತ್ತರಕ್ಕೆ ಏರಿತ್ತು. ಕೂಸಿನ ತಲೆಯನ್ನು ಸರಿಗೆ ತಂದ ಗಿಡ್ಡಿ, ಮಸೀಕಳನ್ನು ಕೇರಿಯಿಂದ ಬಂದಿದ್ದ ಇನ್ನೊಬ್ಬ ಹೆಂಗಸಿನ ಕೈಗೆ ಕೊಟ್ಟು ತೂಬಿನ ಬಳಿಗೆ ಓಡಿದಳು. ಕೇರಿಯವರೆಲ್ಲ ಅಲ್ಲಿಯೇ ನೆರೆದಿದ್ದರು.

“ಬೊಮ್ಮಾ, ಹಲಗೆ ಎತ್ತು. ಎಲ್ಲವನ್ನೂ ಎತ್ತು.”

ಬೊಮ್ಮ ಪಾತಿಗಳ ಕಡೆಗೆ ಕೈ ತೋರಿಸಿದ. ನಾಲ್ಕು ತಿಂಗಳು ಬಿಸಿಲಿನಲ್ಲಿ ಬೆಂದು ಗೋರಿದ ಉಪ್ಪು ಕಟ್ಟೆಯ ಉದ್ದಕ್ಕೂ ಬೆಳ್ಳಗೆ ರಾಶಿ ರಾಶಿಯಾಗಿ ನಿಂತಿತ್ತು. ಅದನ್ನು ಕೊಟ್ಟು ಅಕ್ಕಿ ತರಬೇಕು. ಇಡೀ ಮಳೆಗಾಲದ ಅನ್ನ ಅದು. “ಅಕ್ಕಾ, ನಿನಗೆ ಕಣ್ಣು ಕಾಣುವುದಿಲ್ಲವೇ? ನೀರು ಬಿಟ್ಟರೆ ಒಂದು ಹರಳೂ ಉಳಿಯುವುದಿಲ್ಲ. ನಮ್ಮ ಮಕ್ಕಳು ಮಳೆಗಾಲದಲ್ಲಿ ಏನು ತಿನ್ನಬೇಕು? ಅವರು ಯಾರೋ, ಎಲ್ಲಿಯವರೋ!”

“ಎಲ್ಲಿಯವರೋ ನನಗೂ ಗೊತ್ತಿಲ್ಲ,” ಎಂದಳು ಗಿಡ್ಡಿ. “ಉಪ್ಪು ಮುಂದಿನ ವರ್ಷವೂ ಆಗ್ತದೆ ತಮ್ಮಾ. ಆ ಕೂಸು ಇನ್ನೊಂದು ಸಲ ಹುಟ್ಟೂದಿಲ್ಲ.”

ಬೊಮ್ಮ ಅಕ್ಕನ ಮುಖವನ್ನು ನೋಡಿದ, ಕೇರಿಯವರ ಮುಖವನ್ನು ನೋಡಿದ. ಬೇಡ ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕಾದನಂತೆ. ಯಾರೂ ಹೇಳಲಿಲ್ಲ. ಆಗ ಅವನೇ ನೀರಿಗಿಳಿದು ಮೂರು ಹಲಗೆಗಳನ್ನೂ ಒಂದೊಂದಾಗಿ ಕಿತ್ತು ಹಾಕಿದ. ಸಾಲದೆಂದು ಗುದ್ದಲಿಯಿಂದ ಕಟ್ಟೆಯ ಮಣ್ಣನ್ನೂ ಕಡಿದ. ಕಡಲು ಒಳಗೆ ನುಗ್ಗಿತು. ಕಟ್ಟೆ ನಲವತ್ತು ಮಾರು ಉದ್ದಕ್ಕೆ ಕೊಚ್ಚಿಹೋಯಿತು. ಕೋವಿಯವರು ಎದೆಮಟ್ಟದ ನೀರಿನಲ್ಲಿ, ತೊಡೆಮಟ್ಟದ ಕೆಸರಿನಲ್ಲಿ ಸಿಲುಕಿ, ಮದ್ದು ತೊಯ್ದು, ಒಬ್ಬರನ್ನೊಬ್ಬರು ಎಳೆದುಕೊಂಡು ಹಿಂದೆ ಸರಿದರು. ಉಪ್ಪಿನ ರಾಶಿಗಳು ಬುಡದಿಂದ ಕರಗುತ್ತ, ಕುಸಿಯುತ್ತ, ಒಂದರ ಹಿಂದೆ ಒಂದು ಇಲ್ಲವಾದವು. ಬೊಮ್ಮ ನೀರಿನಲ್ಲೇ ನಿಂತು ಅದನ್ನು ನೋಡುತ್ತ ಮಗುವಿನಂತೆ ಅತ್ತನೆಂದು ತುಳಸಜ್ಜಿ ಹೇಳುವಾಗ ಅವಳ ಕೈಯಲ್ಲಿದ್ದ ಬುಟ್ಟಿ ಒಂದು ಗಳಿಗೆ ನಿಂತಿತು. ಅವನು ಅಳುತ್ತಿರುವಾಗಲೇ ದಿಬ್ಬದ ಮೇಲಿಂದ ಕೂಸಿನ ಕೂಗು ಕೇಳಿಸಿತು. ಹೆಣ್ಣು ಕೂಸು. ಮಸೀಕಳ ಕುಲದಲ್ಲಿ ಯಾರ ಸೊತ್ತೂ ಆಗದೆ ಈ ಕಡಲಿನ ಈಚೆ ಹುಟ್ಟಿದ ಮೊದಲ ಜೀವ ಅದು.

ಗಿಡ್ಡಿ ದಿಬ್ಬದ ಕಡೆಗೆ ಉಳಿದಿದ್ದ ಕಟ್ಟೆಯ ಮೇಲೆ ಓಡಿ ಬಂದು ಹೊಕ್ಕುಳಬಳ್ಳಿ ಕೊಯ್ದು, ಕೂಸನ್ನು ಒರೆಸಿ, “ಏನು ಹೆಸರಿಡ್ತಿ ತಂಗೀ?” ಎಂದು ಕೇಳಿದಳು. ಮಸೀಕಳಿಗೆ ಮಾತಾಡುವ ಶಕ್ತಿಯಿರಲಿಲ್ಲ. ಬೆರಳೆತ್ತಿ ಗಿಡ್ಡಿಯ ಎದೆಯನ್ನು ಮುಟ್ಟಿದಳು. ಆ ಹೆಸರು ಇಂದಿಗೂ ಘಟ್ಟದ ಮೇಲಿನ ಸಿದ್ದಿಗಳಲ್ಲಿ ನಡೆದು ಬಂದಿದೆ. ಮನೆಗೊಬ್ಬಳಾದರೂ ಗಿಡ್ಡಿ ಸಿಗುತ್ತಾಳೆ.

ನೀರು ಇಳಿಯಲು ಎರಡು ದಿನ ಬೇಕಾಯಿತು. ಅಷ್ಟರೊಳಗೆ ಅಂಬಿಗರ ಚಿಕ್ಕ ದೋಣಿಗಳು ಅವರನ್ನು ಹೊಳೆಯ ಮೇಲ್ಭಾಗಕ್ಕೆ ದಾಟಿಸಿದ್ದವು. ಜುಂಬೆಯ ಹುಟ್ಟು ಕಲ್ಲಿನ ಬಿರುಕಿನಲ್ಲಿಯೇ ಉಳಿಯಿತು. ಠಾಣೆದಾರ ವಿಚಾರಣೆಗೆ ಬಂದಾಗ ಗಿಡ್ಡಿ ಕೈಮುಗಿದು ನಿಂತು, “ಹುಣ್ಣಿಮೆ ಉಬ್ಬರಕ್ಕೆ ಕಟ್ಟೆ ಒಡೀತು ಒಡೆಯಾ, ನಮ್ಮ ವರ್ಷದ ಅನ್ನವೇ ಹೋಯ್ತು” ಎಂದಳು. ಕರಗಿದ ಉಪ್ಪಿನ ಕಲೆ ಕಣ್ಣೆದುರೇ ಇತ್ತು. ತಮ್ಮ ಅನ್ನವನ್ನು ತಾವೇ ನೀರಿಗೆ ಬಿಡುವ ಜನರಿದ್ದಾರೆಂದು ಅವನ ಬುದ್ಧಿಗೆ ಹೊಳೆಯಲಿಲ್ಲ. ಕಪ್ತಾನ ಹುಟ್ಟಿಲ್ಲದ ಮಚವೆಯನ್ನು ಬೇರೆ ದೋಣಿಗೆ ಕಟ್ಟಿ ಎಳೆಸಿಕೊಂಡು ಹೋದ. ಅವನು ಮತ್ತೆ ಈ ಹೊಳೆಗೆ ಬರಲಿಲ್ಲ ಎನ್ನುತ್ತಾರೆ.

ಆ ಮಳೆಗಾಲ ಆಗೇರರಿಗೆ ಕಷ್ಟವಾಯಿತು. ಏಡಿ, ಚಿಪ್ಪು, ಸೊಪ್ಪು ತಿಂದು ದಿನ ದೂಡಿದರು. ಬೊಮ್ಮ ಅಕ್ಕನೊಡನೆ ಎಷ್ಟೋ ದಿನ ಮಾತು ಬಿಟ್ಟಿದ್ದನಂತೆ. ಶ್ರಾವಣದ ಒಂದು ಬೆಳಿಗ್ಗೆ, ಮಳೆ ಬಿಡುವು ಕೊಟ್ಟು ಹೊಳವಾದಾಗ, ಕೇರಿಯ ಬಾಯಲ್ಲಿ ಹತ್ತು ಜನ ಗಂಡಸರು ಬಂದು ನಿಂತರು. ಕಂಬಳಿಕೊಪ್ಪೆಯೊಳಗೆ ಮುಖ ಕಾಣುತ್ತಿರಲಿಲ್ಲ. ಬೆನ್ನ ಮೇಲೆ ಕಾಡುಗೆಣಸಿನ ಹೊರೆ, ಜೇನಿನ ಕೊಡ, ಸಾರಿನ ಹುಳಿಗೆಂದು ಒಣಗಿಸಿದ ಉಪ್ಪಾಗೆ ಕಾಯಿ. ಜುಂಬೆ ಹೊರೆ ಇಳಿಸಿ ಬೊಮ್ಮನ ಕಾಲು ಮುಟ್ಟಲು ಬಗ್ಗಿದ. ಬೊಮ್ಮ ಅವನನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸಿದ. “ಗೆಣಸು ಆಮೇಲೆ. ಕೂಸು ಹೇಗಿದೆ, ಅದನ್ನು ಮೊದಲು ಹೇಳು” ಎಂದ. ಮಳೆ ಪೂರ್ತಿ ನಿಂತ ಮೇಲೆ ಅವರು ಮತ್ತೆ ಬಂದರು, ಒಡೆದ ನಲವತ್ತು ಮಾರು ಕಟ್ಟೆಯನ್ನು ತಾವೇ ಕಟ್ಟಿದರು. ಬಿದಿರಿನ ತಟ್ಟಿಯನ್ನು ಎರಡು ಸಾಲು ನಿಲ್ಲಿಸಿ ನಡುವೆ ಮಣ್ಣು ತುಂಬುವುದು ಅವರ ನಾಡಿನ ಕ್ರಮವಂತೆ. ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಸೀಕ ತನ್ನ ಗಂಡನಿಗಾಗಿ ಬಹಳ ವರ್ಷ ಕಾದಳು. ದಮನ್ನಿನ ಕಡೆಯಿಂದ ಬಂದವರನ್ನೆಲ್ಲ ಕೇಳಿದಳು. ಅವನು ಸಿಗಲಿಲ್ಲ. ಅವಳ ಮಗಳು ಗಿಡ್ಡಿ ಮಾತ್ರ ಏಳು ಮಕ್ಕಳ ತಾಯಿಯಾದಳು, ಏಳೂ ಮಕ್ಕಳನ್ನು ತಾನೇ ಸಾಕಿದಳು.

ಜುಂಬೆಯ ಹುಟ್ಟು ಯಾವಾಗಲೋ ಗೆದ್ದಲಿಗೆ ಹೋಯಿತು. ಹಳೆಯದು ಸವೆದಾಗಲೆಲ್ಲ ಸಿದ್ದಿಗಳು ಕಾಡಿನಿಂದ ಮರ ತರುತ್ತಾರೆ, ಅಂಬಿಗರು ಹೊಸ ಹುಟ್ಟು ಕೆತ್ತುತ್ತಾರೆ, ಆಗೇರರು ನೆಡುತ್ತಾರೆ. ಈಗಿರುವುದು ಎಷ್ಟನೆಯದೆಂದು ಲೆಕ್ಕವಿಲ್ಲ. ಅಲ್ಲಿ ಪೂಜೆ ಎಂಬುದೇನಿಲ್ಲ. ದಿನ ತುಂಬಿದ ಹೆಂಗಸರು, ಯಾವ ಜಾತಿಯವರೇ ಇರಲಿ, ಒಮ್ಮೆ ಹೋಗಿ ಅದನ್ನು ಎರಡೂ ಕೈಯಿಂದ ಹಿಡಿದು ಬರುತ್ತಾರೆ. ನನ್ನ ಹೆಂಡತಿಯೂ ಹೋಗಿ ಬಂದಿದ್ದಳು.

ನೋಡಲು ಬರುವವರು ದೀಪಾವಳಿ ಕಳೆದ ವಾರದಲ್ಲಿ ಬಂದರೆ ಒಳ್ಳೆಯದು. ಆಗ ಘಟ್ಟದ ಮೇಲಿನಿಂದ ಸಿದ್ದಿಗಳು ಇಳಿದು ಬರುತ್ತಾರೆ. ಹಿಂದೆ ನಡೆದು ಬರುತ್ತಿದ್ದರು, ಈಗ ಎರಡು ಟೆಂಪೋ ಮಾಡಿಕೊಂಡು ಬರುತ್ತಾರೆ. ಮಳೆಗೆ ಕುಸಿದ ಕಟ್ಟೆಯ ಮೇಲೆ ಆಗೇರರು ಒಬ್ಬರು, ಸಿದ್ದಿಗಳು ಒಬ್ಬರು, ಹೀಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಮಣ್ಣಿನ ಬುಟ್ಟಿ ದಾಟಿಸುತ್ತಾರೆ. ಕೂಲಿಯಿಲ್ಲ, ಮಾತೂ ಹೆಚ್ಚಿಲ್ಲ. ಹೋದ ವರ್ಷ ಆ ಸಾಲಿನಲ್ಲಿ ನಾನೂ ಇದ್ದೆ. ತಾಲೂಕು ಆಸ್ಪತ್ರೆಯಲ್ಲಿ ದಾದಿಯಾಗಿರುವ ಒಬ್ಬ ಸಿದ್ದಿ ಹುಡುಗಿ ಆರು ತಿಂಗಳ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ದಂಡೆಯಲ್ಲಿ ಹಿಂದೆಮುಂದೆ ನೋಡುತ್ತಿದ್ದಳು. ಈಗ ಕಣ್ಣು ಮಂಜಾಗಿರುವ ತುಳಸಜ್ಜಿ ಕಟ್ಟೆಯ ತುದಿಯಲ್ಲಿ ಕುಳಿತವಳು, ಯಾರು ಬಂದರೆಂದು ಕೇಳಲೂ ಇಲ್ಲ. ಕೂಸಿನ ಸದ್ದಿನ ಕಡೆಗೆ ಎರಡೂ ಕೈ ಚಾಚಿದಳು.

“ಕೂಸನ್ನ ಇಲ್ಲಿ ಕೊಡು ಮಗಾ. ನೀ ಹೋಗಿ ಮಣ್ಣು ಹಿಡಿ.”